ಏಣಿಯ ಮೆಟ್ಟಿಲು, ನಮ್ಮ ಮಳೆಗಾಲ

ಜನವರಿಯಲ್ಲಿ ರಜೆಗೆಂದು ಸೋಮವಾರಪೇಟೆಯ ಮನೆಗೆ ಬಂದಿದ್ದಾಗ, ಕಾಫಿ ಕಣದ ಬದಿಯಲ್ಲಿ ಕುಳಿತು ಚಿಕ್ಕಪ್ಪ ಕೇಳಿದ ಪ್ರಶ್ನೆಯೊಂದು ಫಿನ್ಲೆಂಡಿನ ಟಾಂಪೆರೆಗೆ ಮರಳಿದ ಮೇಲೂ ನನ್ನನ್ನು ಬಿಟ್ಟಿಲ್ಲ. ‘ನೀನಿರುವ ಫಿನ್ಲೆಂಡ್ ಪ್ರಪಂಚದಲ್ಲೇ ಹೆಚ್ಚು ಸಂತೋಷದ ದೇಶವಂತೆ, ಅಲ್ಲಿಯ ಜನ ಅಷ್ಟೊಂದು ನಗುತ್ತಾರೆಯೇ?’

ನಗುವುದಿಲ್ಲ. ಡಿಸೆಂಬರಿನ ಹಗಲು ಆರು ಗಂಟೆಯನ್ನೂ ಮುಟ್ಟದ ಈ ಊರಿನಲ್ಲಿ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಮಾತನಾಡುವುದೂ ಅಪರೂಪ. ಆದರೂ ವರ್ಲ್ಡ್ ಹ್ಯಾಪಿನೆಸ್ ರಿಪೋರ್ಟ್‌ನಲ್ಲಿ 2018ರಿಂದ 2025ರವರೆಗೆ ಪ್ರತಿ ವರ್ಷವೂ ಫಿನ್ಲೆಂಡಿಗೇ ಮೊದಲ ಸ್ಥಾನ. 2025ರಲ್ಲಿ 147 ದೇಶಗಳ ಪೈಕಿ ಭಾರತದ್ದು 118ನೆಯದು. ಈ ಶ್ರೇಯಾಂಕ ನಿಂತಿರುವುದು ಗ್ಯಾಲಪ್ ಸಮೀಕ್ಷಾ ಸಂಸ್ಥೆ ಕೇಳುವ ಒಂದೇ ಪ್ರಶ್ನೆಯ ಮೇಲೆ: ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಏಣಿಯ ತುದಿಯಲ್ಲಿ ನಿಮ್ಮ ಪಾಲಿನ ಅತ್ಯುತ್ತಮ ಬದುಕು, ಬುಡದಲ್ಲಿ ಅತ್ಯಂತ ಕೆಟ್ಟ ಬದುಕು ಇದ್ದರೆ, ಈಗ ನೀವು ನಿಂತಿರುವುದು ಯಾವ ಮೆಟ್ಟಿಲಿನಲ್ಲಿ? ನಿನ್ನೆ ನಕ್ಕಿರಾ ಎಂಬುದನ್ನು ಅದೇ ಸಂಸ್ಥೆ ಬೇರೆಯಾಗಿ ಕೇಳುತ್ತದೆ. ಅಲ್ಲಿ ಮುಂದಿರುವವು ಹೆಚ್ಚಾಗಿ ಪರಾಗ್ವೆಯಂಥ ಲ್ಯಾಟಿನ್ ಅಮೆರಿಕದ ದೇಶಗಳು.

ಒಂದು ದೇಶದಲ್ಲಿ ಸಾಮಾನ್ಯವಾಗಿ ಸುಮಾರು 1,000 ಜನರನ್ನು ಕೇಳಿದರೆ ಸಾಕೇ ಎಂಬುದು ಚಿಕ್ಕಪ್ಪನ ಮುಂದಿನ ಅನುಮಾನ. ಕಾಫಿ ವ್ಯಾಪಾರಿ ಔಟ್‌ಟರ್ನ್, ಅಂದರೆ ಒಣಗಿಸಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬುದನ್ನು, ನೋಡುವಾಗ ಎಲ್ಲ ಮೂಟೆಗಳನ್ನೂ ಸುರಿಯುವುದಿಲ್ಲ, ಅಲ್ಲಲ್ಲಿಂದ ಒಂದೊಂದು ಹಿಡಿ ತೆಗೆಯುತ್ತಾನೆ. ಬಾಯಿಕಟ್ಟಿನ ಹತ್ತಿರದಿಂದಷ್ಟೇ ತೆಗೆದರೆ ಮಾತ್ರ ಲೆಕ್ಕ ತಪ್ಪುತ್ತದೆ ಎಂದು ನಾನು ಹೇಳಿದಾಗ ಅವರು ಒಪ್ಪಿದರು.

ಆಪತ್ತಿನಲ್ಲಿ ಆಸರೆಯಾಗುವ ನೆಂಟರಿಷ್ಟರು ನಿಮಗಿದ್ದಾರೆಯೇ ಎಂಬ ಪ್ರಶ್ನೆಯೂ ಆ ಸಮೀಕ್ಷೆಯಲ್ಲಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರಿನ ಸುತ್ತ ಗುಡ್ಡಗಳು ಕುಸಿದಾಗ ಮನೆ ಕಳೆದುಕೊಂಡವರಿಗೆ ಗುರುತಿಲ್ಲದವರೂ ಅನ್ನ ಬಡಿಸಿದ್ದನ್ನು ಬಲ್ಲ ನಮಗೆ ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ. ಫಿನ್ಲೆಂಡಿನಲ್ಲಿ ನಾನು ಕಂಡ ವ್ಯತ್ಯಾಸವೆಂದರೆ, ಇಲ್ಲಿ ನೆಂಟರ ಆಸರೆಯ ಕೆಳಗೆ ಇನ್ನೊಂದು ಆಸರೆಯಿದೆ: ಕೆಲಸ ಹೋದವರಿಗೆ ಕೇಲಾ ಎಂಬ ಸಾಮಾಜಿಕ ವಿಮಾ ಸಂಸ್ಥೆಯಿಂದಲೋ ನಿರುದ್ಯೋಗ ನಿಧಿಯಿಂದಲೋ ಭತ್ಯೆ ಬರುತ್ತದೆ, ಒಂದು ವರ್ಷ ಸೇವೆ ಮುಗಿಸಿದವರಿಗೆ ವರ್ಷಕ್ಕೆ ಐದು ವಾರ ಸಂಬಳಸಹಿತ ರಜೆ ಕಾನೂನಿನಲ್ಲೇ ಇದೆ. ಹೆಚ್ಚು ಜನ ತಮ್ಮನ್ನು ಮೇಲಿನ ಮೆಟ್ಟಿಲುಗಳಲ್ಲಿ ಕಾಣುವುದಕ್ಕೆ, ಜಾರಿದರೂ ತೀರ ಬುಡಕ್ಕೆ ಬೀಳುವುದಿಲ್ಲವೆಂಬ ಈ ನಂಬಿಕೆಯೇ ಮುಖ್ಯ ಕಾರಣವೆಂದು ನನಗೆ ಬಲವಾಗಿ ಅನಿಸುತ್ತದೆ.

ನಮ್ಮ ಮಾತು ಕೇಳಿಸಿಕೊಂಡು ಕಣದಲ್ಲಿ ಕಾಫಿ ಹರಗುತ್ತಿದ್ದ, ತೋಟದ ಕೂಲಿಯವರ ಲೈನ್ ಮನೆಯ ಅಕ್ಕನನ್ನೂ ಅದೇ ಏಣಿಯ ಪ್ರಶ್ನೆ ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, ‘ಈಗಲೋ, ಮಳೆಗಾಲದಲ್ಲೋ?’ ಎಂದರು. ಈಗ ಆರು, ಆಷಾಢದಲ್ಲಿ ಎರಡು. ಮಳೆ ಹಿಡಿದ ದಿನ ಕೆಲಸವಿಲ್ಲ, ಕೂಲಿಯೂ ಇಲ್ಲ. ವರದಿಯವರು ಮೂರು ವರ್ಷಗಳ ಉತ್ತರಗಳನ್ನು ಕೂಡಿಸಿ ಸರಾಸರಿ ತೆಗೆಯುತ್ತಾರೆ. ಆಕೆಯ ಆರೂ ಎರಡೂ ಕೂಡಿ ಅಲ್ಲಿ ನಾಲ್ಕಾಗಬಹುದು, ಆದರೆ ನಾಲ್ಕರ ಮೆಟ್ಟಿಲಿನಲ್ಲಿ ಆಕೆ ವರ್ಷದ ಯಾವ ತಿಂಗಳಲ್ಲೂ ನಿಂತಿರುವುದಿಲ್ಲ.