ಅಕ್ಕಪಕ್ಕದ ಹಲ್ಲು ಮಾಡಿದ ತಪ್ಪೇನು?

ಸಂಕ್ರಾಂತಿ ದಿನ ಎಳ್ಳು ಬೀರಲು ಬಂದವರು ಕೊಟ್ಟ ಕಬ್ಬಿನ ತುಂಡು ಕಚ್ಚಿದೆ, ಕಟ್ ಅಂತ ಸದ್ದು ಬಂತು. ಮಂಡ್ಯದವನು ಕಬ್ಬು ತಿನ್ನಲು ಹೋಗಿ ಹಲ್ಲು ಕಳೆದುಕೊಂಡ ಅಂದರೆ ಯಾರಾದರೂ ನಗುತ್ತಾರೆ. ತಪ್ಪು ಕಬ್ಬಿನದಲ್ಲ ಬಿಡಿ. ಎಡಗಡೆ ಕೆಳಗಿನ ದವಡೆ ಹಲ್ಲಿಗೆ ಎಂಟು ವರ್ಷದ ಹಿಂದೆ ರೂಟ್ ಕೆನಾಲ್ ಆಗಿತ್ತು, ಮೇಲೊಂದು ಕ್ಯಾಪ್ ಹಾಕಿಸಿಕೊಳ್ಳಿ ಅಂದಿದ್ದರು, ನಾನು ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದಿದ್ದೆ. ಬೇರಿನವರೆಗೂ ಸೀಳಿತ್ತು. ಕೀಳಿಸಬೇಕಾಯಿತು.

ಸುಮ್ನೆ ಹಾಗೇ ಬಿಡೋಣ ಅನ್ನಿಸಿತ್ತು. ನಕ್ಕರೂ ಕಾಣದ ಹಲ್ಲು, ಮುದ್ದೆ ನುಂಗೋಕೆ ಹಲ್ಲೇ ಬೇಡ ಅಲ್ವಾ? ಆದರೆ ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ಮೆಲ್ಲಗೆ ಮುಂದಕ್ಕೆ ವಾಲುತ್ತದೆ, ಮೇಲಿನದು ಕೆಳಕ್ಕಿಳಿಯುತ್ತದೆ, ಅಲ್ಲಿನ ಮೂಳೆಯೂ ಕರಗುತ್ತಾ ಬರುತ್ತದೆ. ಕಟ್ಟಿಸಲೇಬೇಕು.

ಬಿಚ್ಚಿ ಹಾಕುವ ಹಲ್ಲು ಎಲ್ಲಕ್ಕಿಂತ ಅಗ್ಗ, ನನಗೆ 2 ಸಾವಿರದೊಳಗೆ ಹೇಳಿದರು. ಅಮ್ಮನ ಹತ್ತಿರ ಅಂಥದ್ದೊಂದಿದೆ. ಊಟಕ್ಕೆ ಕೂತಾಗ ತೆಗೆದು ಲೋಟದ ನೀರಿಗೆ ಹಾಕುತ್ತಾರೆ, ಮದುವೆ ಮನೆಗೆ ಹೊರಟಾಗ ಹಾಕಿಕೊಳ್ಳುತ್ತಾರೆ. ನನಗೆ ಬೇಡ ಅನ್ನಿಸಿತು.

ಬ್ರಿಡ್ಜ್‌ಗೆ 15 ಸಾವಿರ ಹೇಳಿದರು. ಎರಡು ಮೂರು ಸಲ ಹೋದರೆ ಮುಗಿಯಿತು, ಅಳತೆ ತೆಗೆದು ಮೂರು ಹಲ್ಲು ಸೇರಿಸಿ ಮಾಡಿದ್ದನ್ನು ಅಂಟಿಸುತ್ತಾರೆ. ಆಗಲಿ ಅಂತಲೂ ಅಂದುಬಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ಅದು ಕೂರಬೇಕಾದರೆ ಹಿಂದೊಂದು ಮುಂದೊಂದು ಗಟ್ಟಿ ಹಲ್ಲನ್ನು ಸುತ್ತಲೂ ತೇಯ್ದು ಗೂಟದ ಹಾಗೆ ಮಾಡಬೇಕು, ತೇಯ್ದ ಎನಾಮಲ್ ಮತ್ತೆ ಬೆಳೆಯಲ್ಲ. ಒಂದು ಹಲ್ಲನ್ನು ನನ್ನ ಸೋಮಾರಿತನದಿಂದ ಕಳೆದುಕೊಂಡು, ಹುಳುಕೇ ಇಲ್ಲದ ಎರಡಕ್ಕೆ ಶಿಕ್ಷೆ ಕೊಡೋದಾ? ನಮ್ಮ ಚಿಕ್ಕಪ್ಪನಿಗೆ ಬ್ರಿಡ್ಜ್ ಕೆಳಗೆ ಅನ್ನ ಸಿಕ್ಕಿಕೊಂಡು, ಅವರು ಸರಿಯಾಗಿ ಕ್ಲೀನ್ ಮಾಡದೆ, ಒಳಗೇ ಹುಳುಕಾಗಿ ಆಧಾರದ ಹಲ್ಲೂ ಹೋಯಿತು. ಹಾಗಂತ ಬ್ರಿಡ್ಜ್ ಕೆಟ್ಟದ್ದು ಅನ್ನಲಾರೆ. ನಮ್ಮ ಅತ್ತಿಗೆಗೆ ಎರಡೂ ಪಕ್ಕದ ಹಲ್ಲಿಗೆ ಮೊದಲೇ ಕ್ಯಾಪ್ ಇತ್ತು, ಅಲ್ಲಿ ತೇಯೋಕೆ ಹೊಸದೇನೂ ಉಳಿದಿರಲಿಲ್ಲ, ಅವರು ಬ್ರಿಡ್ಜ್ ಹಾಕಿಸಿಕೊಂಡು ತಿಂಗಳೊಳಗೆ ಚಕ್ಕುಲಿ ಕಡಿಯುತ್ತಿದ್ದರು.

ನಾನು ಇಂಪ್ಲಾಂಟ್‌ಗೆ ಒಪ್ಪಿದೆ. 35 ಸಾವಿರ. ಮೂಳೆಯೊಳಗೆ ಟೈಟೇನಿಯಂ ಸ್ಕ್ರೂ ಕೂರಿಸಿ, ಅದು ಮೂಳೆಗೆ ಬೆಸೆದುಕೊಂಡ ಮೇಲೆ ಕ್ಯಾಪ್. ಪಕ್ಕದ ಹಲ್ಲಿನ ತಂಟೆಗೇ ಹೋಗಲ್ಲ. ಲೋಹ ಮೂಳೆಗೆ ಹೇಗೆ ಅಂಟುತ್ತೆ ಅಂತ ಅನುಮಾನ ಇತ್ತು. 1952ರಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ಡಾಕ್ಟರು ಮೊಲದ ಕಾಲಿನ ಮೂಳೆಯಲ್ಲಿ ಪರೀಕ್ಷೆಗೆ ಇಟ್ಟಿದ್ದ ಟೈಟೇನಿಯಂ ಸಾಧನವನ್ನು ವಾಪಸ್ ತೆಗೆಯಲು ಹೋದರೆ ಬರಲೇ ಇಲ್ಲವಂತೆ, 1965ರಲ್ಲಿ ಮೊದಲ ಸಲ ಮನುಷ್ಯನ ಬಾಯಿಗೆ ಹಾಕಿದ್ದು ಅವರೇ.

ಆದರೆ ನನ್ನ ಸಕ್ಕರೆ ಕಾಯಿಲೆ ಅಡ್ಡ ಬಂತು. ಮೂರು ತಿಂಗಳ ಸರಾಸರಿ ನೋಡುವ ರಕ್ತಪರೀಕ್ಷೆಯಲ್ಲಿ 8.4 ಇತ್ತು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಮಾಗೋದು ತಡ, ಸ್ಕ್ರೂ ಕಚ್ಚಿಕೊಳ್ಳದೇ ಹೋಗಬಹುದು, ಇಳಿಸಿಕೊಂಡು ಬನ್ನಿ ಅಂತ ಕಳಿಸಿದರು. ಬೀಡಿ ಸಿಗರೇಟು ಇದ್ದರೂ ಇದೇ ಕಥೆ. ಸಕ್ಕರೆ ನಾಡಲ್ಲಿ ಸಕ್ಕರೆ ಬಿಟ್ಟು ಮೂರು ತಿಂಗಳು ದಿನಾ ನಡೆದೆ, 6.9ಕ್ಕೆ ಬಂತು.

ದುಡ್ಡು ಜಾಸ್ತಿ ಅನ್ನಿಸಿದರೆ ಮೈಸೂರಿನ ಡೆಂಟಲ್ ಕಾಲೇಜುಗಳಲ್ಲೂ ಒಮ್ಮೆ ವಿಚಾರಿಸಿ, ಜೆಎಸ್‌ಎಸ್ ಇದೆ, ಫರೂಕಿಯಾ ಇದೆ. ಓಡಾಟ ಜಾಸ್ತಿ ಆಗಬಹುದು. ನನಗೆ ರಜೆ ಸಿಗಲ್ಲ, ಅದಕ್ಕೆ ಕ್ಲಿನಿಕ್‌ಗೇ ಹೋದೆ.

ಜೂನ್‌ನಲ್ಲಿ ಸ್ಕ್ರೂ ಕೂರಿಸಿದರು. ಮರಗಟ್ಟಿಸಿ ಮಾಡಿದ್ದರಿಂದ ಕಿತ್ತಾಗ ಆದಷ್ಟೂ ನೋವಾಗಲಿಲ್ಲ, ಕೊರೆಯುವ ಸದ್ದು ಮಾತ್ರ ತಲೆಯೊಳಗೆ ಬೋರ್‌ವೆಲ್ ಹಾಕಿಸಿದ ಹಾಗಿತ್ತು. ಕ್ಯಾಪ್ ಯಾವಾಗ ಅಂದರೆ ದಸರಾ ಕಳೀಲಿ ಅಂದರು. ಅಲ್ಲಿವರೆಗೂ ಬಲಗಡೆಯಲ್ಲೇ ಅಗಿಯುತ್ತಿದ್ದೇನೆ, ಮದ್ದೂರು ವಡೆಯನ್ನೂ ಸಾಂಬಾರಲ್ಲಿ ನೆನೆಸಿ.