ಒಡ್ಡಿನಮ್ಮ: ಹನ್ನೊಂದನೇ ಅಧ್ಯಾಯ ಮುಗಿಯಿತು

ನಿನ್ನೆ ರಾತ್ರಿ ನನ್ನ ಕಾದಂಬರಿ ‘ಒಡ್ಡಿನಮ್ಮ’ದ ಹನ್ನೊಂದನೇ ಅಧ್ಯಾಯ ಮುಗಿಸಿದೆ. ಈಗ ಒಟ್ಟು 43,000 ಪದ. ಕಳೆದ ಸಲ ಇಲ್ಲಿ ಬರೆದಾಗ 51,000 ಇತ್ತು. ಎಂಟು ಸಾವಿರ ಎಲ್ಲಿ ಹೋಯಿತು ಅನ್ನುವುದೇ ಈ ತಿಂಗಳ ಸುದ್ದಿ.

ಹೊಸಬರಿಗೆ ಕಥೆಯ ಎಳೆ ಹೇಳಿಬಿಡುತ್ತೇನೆ. ನಮ್ಮ ಅಘನಾಶಿನಿಯ ಹಾಗಿನದೇ ಒಂದು ಹೊಳೆ, ಅದು ಕಡಲು ಸೇರುವಲ್ಲಿ ಗಜನಿ ಗದ್ದೆ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗಿನ ಭತ್ತದ ಗದ್ದೆ. ಗೌರಿ ಅಲ್ಲಿ ಒಡ್ಡು ಕಾಯುವವಳು. ಅವಳ ಅಮ್ಮ, ಅಜ್ಜಿ ಎಲ್ಲ ಕಾದದ್ದು ಅದೇ ಒಡ್ಡನ್ನು. ಕೆಲಸಕ್ಕೆ ನಿಂತ ದಿನವೇ ಹುಟ್ಟಿದ ಹೆಸರು ಹೋಯಿತು, ಊರಿಗೆಲ್ಲ ಅವಳು ‘ಒಡ್ಡಿನಮ್ಮ’. ಒಡ್ಡಿನಲ್ಲಿ ನೀರು ಬಿಡುವ ಬಾಗಿಲಿನ ಹಲಗೆ ಮೇಲೆ ಬರಿಗಾಲಲ್ಲಿ ನಿಂತು ‘ಸಾಕು’ ಅಂದರೆ ಉಪ್ಪುನೀರು ಅಲ್ಲೇ ನಿಲ್ಲುತ್ತದೆ. ಆ ಶಕ್ತಿಗೆ ಅವಳು ತೆತ್ತದ್ದು ನಾಲಿಗೆಯ ರುಚಿಯನ್ನು. ಗಂಜಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅವಳಿಗೆ ತಿಳಿಯುವುದಿಲ್ಲ. ಬೀರ ಆಚೆ ದಡದಲ್ಲಿ ಕಡಲ ನೀರು ಒಣಗಿಸಿ ಉಪ್ಪು ತೆಗೆಯುವ ಆಗರದವನು. ಅವಳು ಹೊರಗೆ ನಿಲ್ಲಿಸುವ ನೀರನ್ನೇ ಅವನು ಒಳಗೆ ಬಿಟ್ಟುಕೊಂಡು ಬದುಕಬೇಕು.

ಇಬ್ಬರೂ ಸೇರುವುದನ್ನು ನಾನು ಹುಣ್ಣಿಮೆ ರಾತ್ರಿ ಇಟ್ಟಿದ್ದೆ. ತುಂಬಿದ ಹೊಳೆ, ತುಂಬಿದ ಚಂದ್ರ. ಆರರಿಂದ ಒಂಬತ್ತನೇ ಅಧ್ಯಾಯದವರೆಗೆ ಅದೇ. ಓದಲು ಕೊಟ್ಟಿದ್ದ ಗೆಳತಿಯ ಗಂಡ ತದಡಿ ಬಂದರಿನಿಂದ ಮೀನಿಗೆ ಹೋಗುವವರು. ಹಸ್ತಪ್ರತಿ ಹಿಂದಕ್ಕೆ ಕೊಡುವಾಗ ಒಂದೇ ಮಾತು ಕೇಳಿದರು: “ಅಕ್ಕಾ, ಹುಣ್ಣಿಮೆಗೆ ರಾತ್ರಿ ಹನ್ನೆರಡಕ್ಕೆ ಉಬ್ಬರ ಅಂದ್ರಿ. ನಾಲ್ಕು ದಿನ ಕಳೆದ ಮೇಲೂ ಹನ್ನೆರಡಕ್ಕೇ ಉಬ್ಬರ ಬಂತಲ್ಲ, ಅದು ಹೆಂಗೆ?”

ಕಡಲ ಬದಿಯಲ್ಲೇ ಹುಟ್ಟಿ ಬೆಳೆದವಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ 50 ನಿಮಿಷ ತಡ. ನಾಲ್ಕು ದಿನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ನನ್ನ ಗೌರಿ ಬಾಗಿಲಲ್ಲಿ ನಿಂತಿದ್ದಾಗ ನೀರು ಇನ್ನೂ ದೂರದಲ್ಲಿತ್ತು. ನಾಲ್ಕು ಅಧ್ಯಾಯವನ್ನೂ ತೆಗೆದೆ.

ಮರುದಿನ ಅಜ್ಜಿಯ ಹತ್ತಿರ ಕೂತು ಪಂಚಾಂಗ ಬಿಡಿಸಿದೆ. ಅಜ್ಜಿಗೆ ನಿಮಿಷದ ಲೆಕ್ಕ ಬೇಡ, ತಿಥಿ ಸಾಕು. ಹುಣ್ಣಿಮೆಗೂ ಅಮಾವಾಸ್ಯೆಗೂ ನೀರು ಎಲ್ಲಕ್ಕಿಂತ ಎತ್ತರ ಏರುತ್ತದೆ. ಅಷ್ಟಮಿ-ನವಮಿಗೆ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ನಾನು ಹುಣ್ಣಿಮೆಯ ದೃಶ್ಯ ಹೇಳಿದ್ದಕ್ಕೆ ಅವಳು ಹೇಳಿದ್ದು: “ಹುಣ್ಣಿಮೆ ನೀರು ಬಪ್ಪ ಹೊತ್ತಿಗೆ ಒಡ್ಡು ಕಾಯೋರಿಗೆ ಪುರ್ಸೊತ್ತು ಎಲ್ಲಿದ್ದು ಕೂಸೆ?”

ಪುರ್ಸೊತ್ತು ಇಲ್ಲ. ಬೀರನಿಗೂ ಇಲ್ಲ, ದೊಡ್ಡ ಉಬ್ಬರದಲ್ಲೇ ಅವನು ಆಗರಕ್ಕೆ ನೀರು ಎಳೆದುಕೊಳ್ಳಬೇಕು. ಅಂದರೆ ನನ್ನ ಪ್ರೇಮಿಗಳಿಗೆ ಹುಣ್ಣಿಮೆಯೇ ಇಲ್ಲ. ಅವರಿಗಿರುವುದು ಅಷ್ಟಮಿ. ಹುಣ್ಣಿಮೆಯಿಂದ ಏಳು ದಿನ ಜಾರಿದ ಮೇಲೆ ನಡುರಾತ್ರಿಗೆ ಇಳಿತ ಬರುತ್ತದೆ. ನೀರಿಗೆ ಅವಳು ಬೇಡದ ಕೆಲವು ಗಂಟೆ, ಹದಿನೈದು ದಿನಕ್ಕೊಮ್ಮೆ. ಕೃಷ್ಣಪಕ್ಷದಲ್ಲಿ ಆ ಹೊತ್ತಿಗೆ ಅರ್ಧ ಚಂದ್ರ ಮೂಡುತ್ತಾನೆ, ಶುಕ್ಲಪಕ್ಷದಲ್ಲಿ ಮುಳುಗುತ್ತಾನೆ. ಒಂದು ಭೇಟಿಗೆ ಬೆಳಕು ಬರುತ್ತಾ ಇರುತ್ತದೆ, ಮುಂದಿನದಕ್ಕೆ ಹೋಗುತ್ತಾ ಇರುತ್ತದೆ. ಇದನ್ನು ನಾನು ಕಲ್ಪಿಸಿದ್ದಲ್ಲ, ಪಂಚಾಂಗದಲ್ಲಿ ಮೊದಲೇ ಇತ್ತು. ಕಂಡಾಗ ಮೈ ಜುಮ್ಮೆಂದಿತು.

ಹನ್ನೊಂದನೇ ಅಧ್ಯಾಯ ಅಲ್ಲಿಂದಲೇ ಹುಟ್ಟಿತು. ಹೊಳೆ ಇಳಿದಿದೆ, ಕೆಸರಿನ ವಾಸನೆ, ಏಡಿಗಳು ಬಿಲದಿಂದ ಹೊರಬರುವ ಚಿಟಪಟ. ಬೀರ ಸೊಂಟದ ಗಂಟು ಬಿಚ್ಚಿ ಒಂದು ಹರಳು ಉಪ್ಪನ್ನು ಅವಳ ಅಂಗೈಗೆ ಹಾಕುತ್ತಾನೆ. ಕೆಸರು ಹತ್ತಿ ಸ್ವಲ್ಪ ಬೂದು ಬಣ್ಣದ ಹರಳು. ಅವಳು ನಾಲಿಗೆ ತುದಿಗೆ ಮುಟ್ಟಿಸುತ್ತಾಳೆ. ಮೊದಲು ಏನೂ ಇಲ್ಲ. ಆಮೇಲೆ ದವಡೆಯ ಮೂಲೆಯಲ್ಲಿ ನೀರೂರುತ್ತದೆ. ‘ಇದೇನಾ?’ ಅನ್ನುತ್ತಾಳೆ. ಅವನು ‘ಹೌದು ಗೌರಿ’ ಅನ್ನುತ್ತಾನೆ. ಅವಳ ಹೆಸರು ಈ ಪುಸ್ತಕದಲ್ಲಿ ಇನ್ನೊಬ್ಬರ ಬಾಯಲ್ಲಿ ಬರುವುದು ಇದೇ ಮೊದಲ ಸಲ. ಹಿಂದಿನ ಕರಡಿನಲ್ಲಿ ‘ನಾನು ಯಾರು’ ಎಂದು ಅವಳು ಎರಡು ಪುಟ ಯೋಚಿಸುತ್ತಿದ್ದಳು. ಈಗ ಆ ಎರಡು ಪುಟ ಬೇಕಾಗಲಿಲ್ಲ.

ಒಂದು ಸ್ವಾತಂತ್ರ್ಯ ತೆಗೆದುಕೊಂಡಿದ್ದೇನೆ. ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತ ಮಳೆಗಾಲದ ಬೆಳೆ. ನಮ್ಮ ಸಾಣಿಕಟ್ಟಾದ ಆಗರದಲ್ಲಿ ಉಪ್ಪು ಏಳುವುದು ಬೇಸಿಗೆಯಲ್ಲಿ. ನನ್ನ ಕಥೆಯ ಊರಲ್ಲಿ ಆಶ್ವೀಜ-ಕಾರ್ತಿಕದಲ್ಲೇ, ಭತ್ತ ಹಣ್ಣಾಗುವ ಹೊತ್ತಿಗೇ, ಆಗರದ ಕೆಲಸ ಶುರುವಾಗುತ್ತದೆ. ಕಗ್ಗ ಉಪ್ಪು ತಡೆಯುವ ತಳಿ, ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ. ಆದ್ದರಿಂದ ಒಂದೇ ರಾತ್ರಿಯ ಉಪ್ಪುನೀರಿಗೆ ಬೆಳೆ ನಾಶ ಎಂದು ಬರೆದದ್ದನ್ನೂ ತಿದ್ದಬೇಕಾಯಿತು. ಈಗ ಅಮಾವಾಸ್ಯೆಯ ಆಸುಪಾಸಿನ ದಿನಗಳಷ್ಟೂ ಬಾಗಿಲು ತೆರೆದೇ ಇರಬೇಕೆಂದು ಕಥೆಯ ಊರನ್ನಾಳುವ ರಾಣಿಯ ಆಜ್ಞೆ, ಅವಳ ಯುದ್ಧದ ದೋಣಿಗಳು ಒಳಗೆ ಅಡಗಲು.

ರಾಣಿ ಎಂದೊಡನೆ ಎಲ್ಲರೂ ಗೇರುಸೊಪ್ಪೆಯ ಚೆನ್ನಭೈರಾದೇವಿಯೇ ಎಂದು ಕೇಳುತ್ತಾರೆ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದ ಆ ಹೆಣ್ಣಿನ ಮೇಲೆ ನನಗೆ ಬಹಳ ಗೌರವ. ಮಿರ್ಜಾನ ಕೋಟೆಗೆ ಹೋದಾಗಲೆಲ್ಲ ಅವಳ ನೆನಪಾಗುತ್ತದೆ. ಆದರೆ ನನ್ನ ಕಥೆಯ ರಾಣಿ ಅವಳಲ್ಲ. ಕೆಟ್ಟವಳೂ ಅಲ್ಲ, ಅವಳಿಗೂ ಕಾಯಬೇಕಾದ ರಾಜ್ಯ ಇದೆ.

ಹನ್ನೆರಡನೇ ಅಧ್ಯಾಯದ ಮೊದಲ ಸಾಲು ಇನ್ನೂ ಸಿಕ್ಕಿಲ್ಲ. ಬರುವ ಕೃಷ್ಣಪಕ್ಷದ ಅಷ್ಟಮಿಗೆ ತಮ್ಮನನ್ನು ಕರೆದುಕೊಂಡು ರಾತ್ರಿ ಮಾಣಿಕಟ್ಟಾದ ಗಜನಿಯ ಬದಿಗೆ ಹೋಗಲಿದ್ದೇನೆ. ಇಳಿದ ನೀರಿನ ಮೇಲೆ ಚಂದ್ರ ಮೂಡುವಾಗ ಎದುರಿಗಿರುವ ಮನುಷ್ಯನ ಮುಖ ಎಷ್ಟು ಕಾಣುತ್ತದೆ ಎಂದು ನೋಡಬೇಕು. ಟಾರ್ಚ್ ಆರಿಸಿ ಅವನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸುತ್ತೇನೆ.