ಡೊಮೇನ್ ಲಾಗ್, ಮಾರ್ಚ್: ಡ್ರಾಪ್‌ಗೆ ಬಿಟ್ಟವು, ಮಾರಿದ್ದೊಂದು, ಇಟ್ಟುಕೊಂಡವು

ವೆಬ್‌ಸೈಟ್ ವಿಳಾಸಗಳನ್ನು, ಅಂದರೆ ಡೊಮೇನ್ ಹೆಸರುಗಳನ್ನು, ಕೊಂಡಿಟ್ಟು ಮಾರುವವನು ನಾನು. ಮಾರ್ಚ್ ಬಂತು ಅಂದರೆ ಇನ್‌ಬಾಕ್ಸ್ ತುಂಬ ರಿನ್ಯೂವಲ್ ನೋಟಿಸ್. ಈ ಸಲ ಕೂತು ಪಟ್ಟಿ ಪೂರ್ತಿ ಜಾಲಾಡಿದೆ. ಡಾಟ್ ಕಾಮ್ ಮತ್ತು ಡಾಟ್ ಇನ್ ಹೆಸರುಗಳನ್ನು ಮುಟ್ಟಿಲ್ಲ. ಕತ್ತರಿ ಬಿದ್ದಿದ್ದು ಹೆಚ್ಚಾಗಿ ಹೊಸ ಎಕ್ಸ್‌ಟೆನ್ಷನ್‌ಗಳಿಗೆ, ಅಂದರೆ ಹೆಸರಿನ ಕೊನೆಯ ಚುಕ್ಕೆಯ ನಂತರ ಬರುವ ಹೊಸ ಬಾಲಗಳಿಗೆ. ಡಾಟ್ ಆನ್‌ಲೈನ್, ಡಾಟ್ ಸ್ಟೋರ್, ಡಾಟ್ ಸ್ಪೇಸ್, ಡಾಟ್ ಕ್ಲಬ್, ಇವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರಾಪ್‌ಗೆ ಬಿಟ್ಟಿದ್ದೇನೆ, ಅಂದರೆ ರಿನ್ಯೂ ಮಾಡದೆ ಕೈಬಿಟ್ಟಿದ್ದೇನೆ. ಬೇಸರ ಏನಿಲ್ಲ. ಆಫರ್ ಬೆಲೆಗೆ ಕೊಂಡಾಗಲೇ ಶೀಟ್‌ನಲ್ಲಿ ‘ಒಂದೇ ವರ್ಷ’ ಅಂತ ಬರೆದಿಟ್ಟಿದ್ದೆ.

ಈ ಆಟಕ್ಕೆ ಹೊಸದಾಗಿ ಬರುವವರು ಮೊದಲು ನೋಡಬೇಕಾದ್ದು ಹೆಸರನ್ನಲ್ಲ, ಎರಡನೇ ವರ್ಷದ ದರವನ್ನು. ಮೊದಲ ವರ್ಷ ನೂರು, ನೂರೈವತ್ತು ರೂಪಾಯಿಗೆ ಸಿಗುತ್ತದೆ. ಮುಂದಿನ ವರ್ಷ ಅದೇ ಹೆಸರಿಗೆ ಎರಡು ಮೂರು ಸಾವಿರ ಕೇಳುತ್ತಾರೆ, ಕೆಲವಕ್ಕೆ ಇನ್ನೂ ಜಾಸ್ತಿ, ಇಲ್ಲಿನ ರಿಜಿಸ್ಟ್ರಾರ್ (ನಮಗೆ ಹೆಸರು ಮಾರುವ ಕಂಪನಿ) ಆದರೆ ಅದರ ಮೇಲೆ 18% ಜಿಎಸ್‌ಟಿ. ಈಗ ಲೆಕ್ಕ ಹಾಕಿ. ನಿಮ್ಮ ಹತ್ತಿರ ಇಂಥ 100 ಹೆಸರು ಇವೆ, ತಲಾ 3,000 ರಿನ್ಯೂವಲ್ ಅಂದುಕೊಳ್ಳಿ. ವರ್ಷಕ್ಕೆ 3 ಲಕ್ಷ. ಈ ವ್ಯಾಪಾರದಲ್ಲಿ ಹಳಬರಾದವರು ಹೇಳುವುದು, ಒಳ್ಳೆ ಡಾಟ್ ಕಾಮ್ ಪಟ್ಟಿಯಲ್ಲೇ ವರ್ಷಕ್ಕೆ ನೂರಕ್ಕೆ ಒಂದೋ ಎರಡೋ ಮಾರಾಟವಾದರೆ ಪರವಾಗಿಲ್ಲ ಅಂತ. ಅಂದರೆ ಆ ಒಂದು ಹೆಸರು 3 ಲಕ್ಷಕ್ಕೆ ಹೋದರೂ ಕೈಗೆ ಉಳಿಯುವುದು ಸೊನ್ನೆ, ಅದರಲ್ಲಿ ಮಾರ್ಕೆಟ್‌ಪ್ಲೇಸ್ ಕಮಿಷನ್ ಬೇರೆ ಹೋಗುತ್ತದೆ. ಇಷ್ಟು ಗೊತ್ತಿದ್ದೂ ಜನ ಸುಮ್ನೆ ಕೊಳ್ಳುತ್ತಲೇ ಇರುತ್ತಾರೆ, ನಾನೂ ಸೇರಿ.

ಡಾಟ್ ಕಾಮ್ ಕಥೆ ಕೇಳಿ ಇಲ್ಲಿಗೆ ಬರುವವರೇ ಜಾಸ್ತಿ. 1995ರ ಸೆಪ್ಟೆಂಬರ್‌ವರೆಗೆ ಡಾಟ್ ಕಾಮ್ ಹೆಸರಿಗೆ ದುಡ್ಡೇ ಇರಲಿಲ್ಲ. ಆಮೇಲೆ ವರ್ಷಕ್ಕೆ 50 ಡಾಲರ್ ಆಯಿತು. ಆಗ ಒಂದು ಸಾಮಾನ್ಯ ಪದ ಹಿಡಿದಿಟ್ಟವರು ಮುಂದೆ ಲಕ್ಷಾಂತರ ಡಾಲರ್ ನೋಡಿದರು. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರ್‌ಗೆ ಹೋಯಿತು. ಹೊಸ ಎಕ್ಸ್‌ಟೆನ್ಷನ್‌ಗಳಲ್ಲಿ ಆ ಜಾಗ ನಮಗಿಲ್ಲ. 2012ರಲ್ಲಿ ಐಕ್ಯಾನ್, ಅಂದರೆ ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ, ಹೊಸ ಎಕ್ಸ್‌ಟೆನ್ಷನ್ ನಡೆಸಲು ಅರ್ಜಿ ಕರೆದಾಗ ಒಂದೊಂದಕ್ಕೆ 1,85,000 ಡಾಲರ್ ಶುಲ್ಕ, ಬಂದ ಅರ್ಜಿ 1,930. ಡೋನಟ್ಸ್ ಅನ್ನುವ ಒಂದೇ ಕಂಪನಿ 307 ಹಾಕಿತ್ತು. ಅಷ್ಟು ದುಡ್ಡು ಸುರಿದವರು ಒಳ್ಳೆ ಪದಗಳನ್ನು ನಮಗಾಗಿ ಬಿಡುತ್ತಾರಾ? ಪ್ರೀಮಿಯಂ ಪಟ್ಟಿ ಮಾಡಿ ತಾವೇ ಇಟ್ಟುಕೊಂಡರು. ಮೊದಲ ಪಂಕ್ತಿಯಲ್ಲಿ ರಿಜಿಸ್ಟ್ರಿಯವರೇ (ಒಂದೊಂದು ಎಕ್ಸ್‌ಟೆನ್ಷನ್ ನಡೆಸುವ ಕಂಪನಿಗಳು) ಉಂಡೆದ್ದ ಮೇಲೆ ನಮಗೆ ಎಲೆ ಹಾಕಿದ್ದು. 2014ರ ಆರಂಭದಲ್ಲಿ ಡಾಟ್ ಗುರು ಬಂತಲ್ಲ, ಆ ಹೊತ್ತಿಗೆ ಹೊಸ ಎಕ್ಸ್‌ಟೆನ್ಷನ್‌ಗಳಲ್ಲಿ ಅದೇ ಮುಂದೆ ಓಡಿದ್ದು. ಅಲ್ಲೂ ಮೊದಲ ದಿನ ಬೇಕು ಅಂದವರಿಗೆ ಭಾರಿ ಶುಲ್ಕ, ದಿನ ಕಳೆದಂತೆ ಕಡಿಮೆ. ಮೊದಲು ಬಂದವರ ಲಾಭವನ್ನೇ ಅವರು ಮಾರಿದರು. ಪ್ರೀಮಿಯಂ ಹೆಸರು ಕೊಂಡರೆ ಎಷ್ಟೋ ಕಡೆ ರಿನ್ಯೂವಲ್ ಕೂಡ ಪ್ರತಿ ವರ್ಷ ಪ್ರೀಮಿಯಂ ದರದಲ್ಲೇ. ಚೆಕ್‌ಔಟ್ ಪುಟದಲ್ಲಿ ಅದು ಸಣ್ಣ ಅಕ್ಷರದಲ್ಲಿರುತ್ತದೆ, ಕಣ್ಣಿಟ್ಟು ಓದಿ.

ಇನ್ನೊಂದು ಅಪಾಯ. ಡಾಟ್ ಕಾಮ್‌ನ ಸಗಟು ದರಕ್ಕೆ (ರಿಜಿಸ್ಟ್ರಿ ರಿಜಿಸ್ಟ್ರಾರ್‌ನಿಂದ ತೆಗೆದುಕೊಳ್ಳುವುದು) ಒಪ್ಪಂದದಲ್ಲೇ ಮಿತಿ ಇದೆ, ಹೊಸವಕ್ಕೆ ಇಲ್ಲ. 2017ರಲ್ಲಿ ಯೂನಿರಿಜಿಸ್ಟ್ರಿ ತನ್ನ ಹಲವು ಎಕ್ಸ್‌ಟೆನ್ಷನ್‌ಗಳ ದರ ಒಮ್ಮೆಲೇ ಏರಿಸುತ್ತೇವೆ ಅಂದಾಗ, ಕೆಲವು ಹತ್ತಾರು ಪಟ್ಟು ಏರಿದ್ದವು, ದೊಡ್ಡ ರಿಜಿಸ್ಟ್ರಾರ್ ಗೋಡ್ಯಾಡಿ ಅವುಗಳ ಮಾರಾಟವನ್ನೇ ನಿಲ್ಲಿಸಿತು. ಒಂದು ಸಮಾಧಾನ ಏನು ಅಂದರೆ, ರಿನ್ಯೂವಲ್ ದರ ಏರಿಸುವ ಮುಂಚೆ ರಿಜಿಸ್ಟ್ರಿ 180 ದಿನ ಮೊದಲೇ ರಿಜಿಸ್ಟ್ರಾರ್‌ಗಳಿಗೆ ತಿಳಿಸಬೇಕು, ಮತ್ತು ಅಷ್ಟರೊಳಗೆ ಹಳೆ ದರದಲ್ಲೇ 10 ವರ್ಷದವರೆಗೆ ರಿನ್ಯೂ ಮಾಡಿಕೊಳ್ಳಬಹುದು. ನಾನು ಇಟ್ಟುಕೊಳ್ಳಲೇಬೇಕು ಅಂದುಕೊಂಡ ಹೆಸರುಗಳಿಗೆ ಈ ದಾರಿ ಹಿಡಿಯುತ್ತೇನೆ.

ಮಾರಾಟದ ವಿಷಯಕ್ಕೆ ಬರೋಣ. ಈ ತ್ರೈಮಾಸಿಕದಲ್ಲಿ ಹೋಗಿದ್ದು ಒಂದು ಡಾಟ್ ಸೋಲಾರ್. ಹೆಸರು ಹೇಳುವುದಿಲ್ಲ, ಕೊಂಡವರ ಸೈಟ್ ಈಗ ಅದರಲ್ಲೇ ಓಡುತ್ತಿದೆ. ದಾವಣಗೆರೆ ಕಡೆ ಮನೆ ಚಾವಣಿಗೆ ಪ್ಯಾನೆಲ್ ಹಾಕುವವರು. ಪಾರ್ಕಿಂಗ್ ಪುಟದಲ್ಲಿ (ಹೆಸರು ಮಾರಾಟಕ್ಕಿದೆ ಅಂತ ತೋರಿಸುವ ಪುಟ) ಹಾಕಿದ್ದ ಬೆಲೆ ನೋಡಿ, ‘ಏನ್ ಸಾರ್, ಇದು ಬೋರ್ಡ್ ಬರೆಸೋದಕ್ಕಿಂತ ಜಾಸ್ತಿ ಆಯ್ತಲ್ಲ’ ಅಂತ ಮೆಸೇಜ್ ಮಾಡಿದರು. ಚೌಕಾಸಿ ಎಲ್ಲ ಆಗಿ ಐದಂಕಿಯಲ್ಲಿ ಮುಗಿಯಿತು. ಇದು ಹೋಗಿದ್ದಕ್ಕೆ ಕಾರಣ ಸ್ಪಷ್ಟ. ಚುಕ್ಕೆಯ ಎಡಕ್ಕಿರುವುದು, ಬಲಕ್ಕಿರುವುದು ಸೇರಿ ಒಂದೇ ಮಾತಾಗಿ ಓದಿಸಿಕೊಳ್ಳುತ್ತಿತ್ತು. ದೊಡ್ಡವರ ಮಾರಾಟದಲ್ಲೂ ಇದೇ ಕಾಣುತ್ತದೆ. 2018ರಲ್ಲಿ ಹೋಮ್ ಡಾಟ್ ಲೋನ್ಸ್ 5 ಲಕ್ಷ ಡಾಲರ್‌ಗೆ ಹೋಯಿತು, ಅದೇ ವರ್ಷ ವೆಕೇಷನ್ ಡಾಟ್ ರೆಂಟಲ್ಸ್ ಅದಕ್ಕಿಂತ ಚೂರು ಜಾಸ್ತಿಗೆ. ಎಡಗಡೆ ಎಂಥ ಚಂದದ ಪದ ಇದ್ದರೂ ಬಲಗಡೆ ಬರೀ ‘ಸೈಟ್’ ಅಂತಲೋ ‘ಟಾಪ್’ ಅಂತಲೋ ಇದ್ದರೆ ಕೊಳ್ಳುವವನು ಕೇಳುವ ಮೊದಲ ಪ್ರಶ್ನೆ, ಡಾಟ್ ಕಾಮ್ ಇಲ್ವಾ ಅಂತ.

ಡಾಟ್ ಎಕ್ಸ್‌ವೈಜೆಡ್‌ನಲ್ಲಿ ಮಾತ್ರ ಒಂದು ಅಗ್ಗದ ಹವ್ಯಾಸ ಉಳಿಸಿಕೊಂಡಿದ್ದೇನೆ. 2015ರಲ್ಲಿ ಗೂಗಲ್‌ನವರ ಆಲ್ಫಾಬೆಟ್ ತನ್ನ ಸೈಟನ್ನು ಅಲ್ಲಿ ತೆರೆದ ಮೇಲೆ ಇದಕ್ಕೊಂದು ಮರ್ಯಾದೆ ಬಂತು. ಇದರಲ್ಲಿ 6ರಿಂದ 9 ಅಂಕಿಯ ಬರೀ ಸಂಖ್ಯೆಯ ಹೆಸರುಗಳಿಗೆ ಬೇರೆಯೇ ದರ, ವರ್ಷಕ್ಕೆ ಸುಮಾರು ಒಂದು ಡಾಲರ್, ರಿನ್ಯೂವಲ್ ಕೂಡ ಅಷ್ಟೇ. ನಮ್ಮ ಪಿನ್‌ಕೋಡ್ ಆರಂಕಿ ಅಲ್ವಾ! ಬಸವನಗುಡಿಯ 560004, ಮಲ್ಲೇಶ್ವರದ 560003, ಈ ಥರದವು. ಇಟ್ಟುಕೊಂಡವು ಯಾವುವು ಅಂತ ಕೇಳಬೇಡಿ. ಯಾರೂ ಇನ್ನೂ ಕೇಳಿಲ್ಲ, ಕೇಳದಿದ್ದರೂ ನಷ್ಟ ಒಂದು ಮಸಾಲೆ ದೋಸೆಯಷ್ಟು. ಬಡಾವಣೆಯ ಸುದ್ದಿಗೋ ಪ್ಲಂಬರ್ ಪಟ್ಟಿಗೋ ಒಂದು ಪುಟ ಮಾಡಿ ನೋಡುವ ಯೋಚನೆ ಇದೆ.

ಡಾಟ್ ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಹೊಸದೇ ಅಲ್ಲ, ಕೆರಿಬಿಯನ್‌ನ ಅಂಗ್ವಿಲಾ ಅನ್ನುವ ಪುಟ್ಟ ದ್ವೀಪದ ದೇಶ ಸಂಕೇತ, ನಮ್ಮ ಡಾಟ್ ಇನ್ ಇದ್ದ ಹಾಗೆ. ಚಾಟ್‌ಜಿಪಿಟಿ ಬಂದ ಮೇಲೆ ಅದೃಷ್ಟ ಖುಲಾಯಿಸಿತು. 2023ರಲ್ಲಿ ಆ ಸರ್ಕಾರಕ್ಕೆ ಡೊಮೇನ್‌ನಿಂದಲೇ ಸುಮಾರು 3.2 ಕೋಟಿ ಡಾಲರ್ ಬಂತು, ಆದಾಯದ ಐದನೇ ಒಂದು ಭಾಗಕ್ಕೂ ಜಾಸ್ತಿ. ನಮಗೆ ತೊಂದರೆ ಎಲ್ಲಿ ಅಂದರೆ, ಕನಿಷ್ಠ ಎರಡು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು, ಅದು ನೂರು ಡಾಲರ್ ದಾಟುತ್ತದೆ. ಇರುವ ಒಂದೆರಡನ್ನು ಇಟ್ಟುಕೊಂಡಿದ್ದೇನೆ, ಹೊಸದು ಕೊಳ್ಳುವುದಿಲ್ಲ. ಡಾಟ್ ಐಒ ಪೂರ್ತಿ ಬಿಟ್ಟೆ. ಅದು ಚಾಗೋಸ್ ದ್ವೀಪಗಳಿರುವ ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ ಸಂಕೇತ. ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ 2025ರ ಮೇನಲ್ಲಿ ಸಹಿ ಹಾಕಿದೆ. ಆ ಪ್ರದೇಶವೇ ಹೋದರೆ ಸಂಕೇತವೂ ಹೋಗಬಹುದು ಅನ್ನುವ ಅನುಮಾನ. ಸೋವಿಯತ್ ಒಕ್ಕೂಟ ಹೋದರೂ ಡಾಟ್ ಎಸ್‌ಯು ಉಳಿದಿದೆ ಅಂತ ವಾದಿಸುವವರಿದ್ದಾರೆ, ಯುಗೊಸ್ಲಾವಿಯಾದ ಡಾಟ್ ವೈಯು 2010ರಲ್ಲಿ ಮುಚ್ಚಿದ್ದನ್ನು ಅವರು ಹೇಳುವುದಿಲ್ಲ. ಸೈಟ್ ನಡೆಸುವವರು ಗಾಬರಿಯಾಗಬೇಕಿಲ್ಲ, ಮರುಮಾರಾಟಕ್ಕೆ ಇಟ್ಟವನಿಗೆ ಮಾತ್ರ ಈ ಅನುಮಾನವೇ ಸಾಕು ಬೆಲೆ ಇಳಿಯಲು.

ಕನ್ನಡದ ಡಾಟ್ ಭಾರತ ಹೆಸರುಗಳೂ ನನ್ನ ಹತ್ತಿರ ಇವೆ. ಲಾಭಕ್ಕಲ್ಲ, ಪ್ರೀತಿಗೆ. ಅಡ್ರೆಸ್ ಬಾರ್‌ನಲ್ಲಿ ಕನ್ನಡ ಅಕ್ಷರ ಕಂಡರೆ ಖುಷಿಯಾಗುತ್ತದೆ. ಆದರೆ ಲಿಂಕ್ ಕಾಪಿ ಮಾಡಿ ಇನ್ನೊಂದು ಕಡೆ ಹಾಕಿದರೆ ‘ಎಕ್ಸ್‌ಎನ್’ ಅಂತ ಶುರುವಾಗುವ ಗೋಜಲು ಅಕ್ಷರ ಬರುತ್ತದೆ, ಎಷ್ಟೋ ಫಾರಂಗಳು ಅದರ ಇಮೇಲ್ ತೆಗೆದುಕೊಳ್ಳುವುದೇ ಇಲ್ಲ. ಇದು ಸರಿಹೋಗುವವರೆಗೆ ಯಾರೂ ಎರಡನೇ ಕೈಯಿಂದ ಕೊಳ್ಳಲಾರರು.

ಈ ತಿಂಗಳು ಇಬ್ಬರು ‘ಎರಡು ಕಂಪನಿ ಒಂದಾಗುತ್ತಿವೆ, ಜೋಡಿ ಹೆಸರು ಹೊಸ ಎಕ್ಸ್‌ಟೆನ್ಷನ್‌ನಲ್ಲಿ ಹಿಡಿಯಲಾ’ ಅಂತ ಕೇಳಿದರು. ಬೇಡ. 2024ರ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ನೆನಪಿದೆಯಲ್ಲ, ಮೊದಲು ಹಿಡಿದವರು ಓದಿನ ಖರ್ಚು ಕೇಳಿ ಸುದ್ದಿಯಾದರು, ಅಷ್ಟೇ. ಬೇರೆಯವರ ಬ್ರ್ಯಾಂಡ್ ಹಿಡಿದು ದುಡ್ಡು ಕೇಳಿದರೆ ಡೊಮೇನ್ ವಿವಾದ ತೀರ್ಮಾನಿಸುವ ಯುಡಿಆರ್‌ಪಿಯಲ್ಲಿ, ಡಾಟ್ ಇನ್ ಆದರೆ ಐಎನ್‌ಡಿಆರ್‌ಪಿಯಲ್ಲಿ, ನಿಮ್ಮ ಆ ಮೇಲ್ ಅನ್ನೇ ಸಾಕ್ಷಿಯಾಗಿ ಇಡುತ್ತಾರೆ.

ಮುಂದಿನದು: ಐಕ್ಯಾನ್ ಹೊಸ ಸುತ್ತಿನ ಅರ್ಜಿಗೆ 2026ರ ಏಪ್ರಿಲ್ 30ರಿಂದ ಆಗಸ್ಟ್ 12ರವರೆಗೆ ದಿನ ಗೊತ್ತು ಮಾಡಿದೆ. ಈ ಸಲ ಶುಲ್ಕ 2,27,000 ಡಾಲರ್. ಆ ಹೊಸ ಎಕ್ಸ್‌ಟೆನ್ಷನ್‌ಗಳು ಮಾರುಕಟ್ಟೆಗೆ ಬರಲು ಟೈಮ್ ಹಿಡಿಯುತ್ತದೆ, ಅಲ್ಲಿಯವರೆಗೆ ‘ಮೊದಲೇ ಬುಕ್ ಮಾಡಿ’ ಅನ್ನುವ ಮೇಲ್‌ಗಳಿಗೆ ದುಡ್ಡು ಕಟ್ಟುವ ಅಗತ್ಯವಿಲ್ಲ. ಡ್ರಾಪ್‌ಗೆ ಬಿಟ್ಟವು ಸದ್ಯ ಗ್ರೇಸ್ ಅವಧಿಯಲ್ಲಿವೆ (ಅವಧಿ ಮುಗಿದ ಮೇಲೂ ದಂಡವಿಲ್ಲದೆ ರಿನ್ಯೂ ಮಾಡಬಹುದಾದ ದಿನಗಳು), ಅಷ್ಟರಲ್ಲಿ ಯಾರಾದರೂ ಕೇಳಿದರೆ ರಿನ್ಯೂ ಮಾಡಿ ಕೊಡುತ್ತೇನೆ. ಅದೂ ಮುಗಿದು ರಿಡೆಂಪ್ಷನ್ ಹಂತಕ್ಕೆ ಹೋದ ಮೇಲೆ ದಂಡ ಕಟ್ಟಿ ವಾಪಸ್ ತರುವುದಿಲ್ಲ. ಉಳಿದ ದುಡ್ಡಲ್ಲಿ ಎರಡು ಡಾಟ್ ಇನ್ ಹರಾಜಿಗೆ ಬಿಡ್ ಹಾಕಿದ್ದೇನೆ, ಶುಕ್ರವಾರ ಮುಗಿಯುತ್ತವೆ.